ಕುಲಾವಿ

ಸಲೈನಾದ ಹಳೇ ವಾಯುನೆಲೆ, ನಾಲ್ಕನೇ ಶೆಡ್ಡು.
ನನಗೊಂದು ಹೊಲಿಗೆಯಂತ್ರ ಕೊಟ್ಟರು.
ಅದಕ್ಕೆ ಮುಂಚೆ ನಾನು ಹೊಲಿದದ್ದು
ಕುದುರೆ ಜೀನು, ಚರ್ಚಿನ ಮೆತ್ತೆ,
ಒಮ್ಮೆ ಶವಪೆಟ್ಟಿಗೆಯ ಅಸ್ತರಿ.
ವೆಂಡೆಲ್ ಕ್ರಾಟ್ಸ್ ಮೇಜು ಕುಟ್ಟಿ ಹೇಳಿದ:
ಐದು ಸೀಟು, ಎರಡು ಎಂಜಿನ್ನು,
ಹಲ್ಲಿನ ಡಾಕ್ಟರೂ ಕೊಳ್ಳಬಹುದಾದ ಜೆಟ್ಟು.
ಲಾರ್ನಾ, ನೀನು ಮೂಗಿಗೆ ಗವಸು ಹೊಲಿ.

ಹೊಲಿದೆ. ನೀಲಿ ಕ್ಯಾನ್ವಾಸು, ಒಳಗೆ ಫ್ಲಾನೆಲ್ಲು,
ತುದಿಗೆ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ:
ಹಾರುವ ಮುನ್ನ ತೆಗೆಯಿರಿ.

ಮೊದಲನೆಯದು ನೆಲ ಬಿಟ್ಟ ದಿನ
ಗೋಧಿ ಕೊಯ್ಲು ನಿಲ್ಲಿಸಿ ಜನ ಟ್ರಕ್ಕು ಹತ್ತಿ ನಿಂತರು.
ಅಷ್ಟು ಸಣ್ಣದು, ಅಷ್ಟು ಕಿರಿಚಲು!
ಕಣಜದ ಗೋಪುರದ ಪಾರಿವಾಳಗಳು ಮೂರು ದಿನ ಮರಳಲಿಲ್ಲ.
ಹೈಸ್ಕೂಲಿನ ಬ್ಯಾಂಡು ಗಾಳಿಗೆ ಹಾಳೆ ಕಳೆದುಕೊಂಡು
ನೆನಪಿದ್ದಷ್ಟೇ ಬಾರಿಸಿತು.
ವೆಂಡೆಲ್ ಅತ್ತ. ನಾನು ನೋಡುತ್ತಿದ್ದದ್ದು
ಗವಸು ತೆಗೆದರೋ ಇಲ್ಲವೋ ಎಂದು.

ಆಮೇಲೆ ಹಣ ಬಂತು, ಹಣದ ಹಿಂದೆ ಟೈ ಕಟ್ಟಿದವರು,
ಅವರ ಹಿಂದೆ ಮುಂಗಡ ಕೊಟ್ಟ ಇನ್ನೂರ ಅರವತ್ತು ಹೆಸರು.
ಸೀಟಿಗೆ ಇದೇ ಬಣ್ಣ ಬೇಕೆಂದು ಒಬ್ಬ
ಲಕೋಟೆಯಲ್ಲಿ ತನ್ನ ನಾಯಿಯ ಕೂದಲು ಕಳಿಸಿದ.
ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ,
ನನಗದು ಗಾದೆಯಲ್ಲ, ಗಂಟೆಗೆ ಹತ್ತೊಂಬತ್ತು ಡಾಲರು.

ಎಂಜಿನ್ ಕಳಿಸಬೇಕಾದವರು ಕಳಿಸಲಿಲ್ಲ.
ಸರ್ಕಾರದ ತಪಾಸಕ ಬಾಲದಲ್ಲೊಂದು ಬಿರುಕು ಕಂಡ,
ಕೂದಲೆಳೆಯಷ್ಟು. ಉಗುರು ಆಡಿಸಿ ತೋರಿಸಿದ.
ಮೊದಲು ಕಾಫಿ ಯಂತ್ರ ಹೋಯಿತು,
ಆಮೇಲೆ ಶನಿವಾರದ ಓವರ್‌ಟೈಮು,
ಆಮೇಲೆ ಪೇಂಟು ಹೊಡೆಯುವ ಹುಡುಗರು.
ವೆಂಡೆಲ್ ಮಾತ್ರ ದಿನಾ ಬಂದು
ವಿಮಾನದ ಹೊಟ್ಟೆ ತಟ್ಟಿ ಹೋಗುತ್ತಿದ್ದ,
ಗಬ್ಬದ ಹಸುವನ್ನು ತಟ್ಟುವ ಹಾಗೆ.

ಹದಿನಾಲ್ಕು ಹುಟ್ಟಿದವು.
ಹದಿನೈದನೆಯದು ರೆಕ್ಕೆಯಿಲ್ಲದೆ ಅಟ್ಟಣಿಗೆಯ ಮೇಲೆ ಕೂತಿತ್ತು,
ಹರಾಜಿನವನು ಅದರ ಮೂಗಿಗೆ ನಂಬರು ಅಂಟಿಸುವಾಗ.
ಅಚ್ಚುಗಳನ್ನು ಗುಜರಿಯವನು ತೂಕಕ್ಕೆ ಕೊಂಡ.
ಮಿಕ್ಕ ಗವಸುಗಳಿಗೆ ಯಾರೂ ಬೆಲೆ ಕೂಗಲಿಲ್ಲ.
ಎಲ್ಲರೂ ಕೈ ಎತ್ತಿದ ಮೇಲೆ ನಾನೊಬ್ಬಳು ಕೈ ಎತ್ತಿದೆ:
ಮೂವತ್ತೊಂದಕ್ಕೆ ನಾಲ್ಕು ಡಾಲರು.

ಅಕ್ಟೋಬರಿನಲ್ಲಿ ರೇಡಿಯೋ ಹೇಳಿತು,
ಇವತ್ತು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ.
ನನ್ನ ಟೊಮೆಟೊ ಇನ್ನೂ ಹಸಿರು.
ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಗಿಡಕ್ಕೊಂದು ತೊಡಿಸಿದೆ, ಅಂಚಿಗೆ ಕಲ್ಲಿಟ್ಟೆ.
ರಾತ್ರಿಯಿಡೀ ಗಾಳಿ, ಕೆಂಪು ಪಟ್ಟಿ ಪಟಪಟ.

ಬೆಳಿಗ್ಗೆ ಒಂದೊಂದೇ ಬಿಚ್ಚುತ್ತಿದ್ದೆ.
ಬೇಲಿಯಾಚೆ ಮುದುಕ ಆರ್ವಿಡ್, ನೈಟ್‌ಗೌನಿನಲ್ಲೇ:
ಇದೇನು ಲಾರ್ನಾ, ಬೆಳಬೆಳಿಗ್ಗೆ?

ಓದೋಕೆ ಬರಲ್ವಾ ಎಂದು
ಪಟ್ಟಿ ಎತ್ತಿ ತೋರಿಸಿದೆ.