ದನ ದಾಟದ ಕಂಬಿಯವರೆಗೆ

ಕೂತುಕೊಳ್ಳಿ. ಚಹಾ ಆರುವವರೆಗೆ ಹೇಳುತ್ತೇನೆ.
ನಿಮ್ಮ ಕಾರವಾನ್ ಹೊಸದು, ಇನ್ನೂ ಬಿಳಿ.
ಕೆಂಪು ಅದಕ್ಕೆ ತಾನೇ ಬರುತ್ತದೆ, ನಾಳೆ ಹೊತ್ತಿಗೆ.
ಹೆದ್ದಾರಿಯ ದೀಪದ ಕೆಳಗೆ ಮಾತ್ರ ಮಲಗಬೇಡಿ,
ಅಲ್ಲಿ ರಾತ್ರಿಯೆಲ್ಲ ಲಾರಿಗಳ ಏದುಸಿರು,
ಒಂದೊಂದೂ ಮೂರು ಡಬ್ಬಿ ಎಳೆಯುವ ರೈಲು.

ಮೂವತ್ತೊಂದು ವರ್ಷ ನಾನು, ಎನಿಡ್ ಟ್ರೆಲೋರ್,
ಈ ಸೀಮೆಯ ಮಣ್ಣು ರಸ್ತೆಗಳನ್ನು
ಗ್ರೇಡರಿನ ಅಲಗಿನಲ್ಲಿ ಬಾಚಿದವಳು,
ಹಠಮಾರಿ ಹುಡುಗಿಯ ತಲೆ ಬಾಚಿದ ಹಾಗೆ:
ಬಾಚಿದಷ್ಟೂ ಮರುದಿನ ಸಿಕ್ಕು.

ಬರೆದುಕೊಳ್ಳಬೇಡಿ, ನೆನಪಿಟ್ಟುಕೊಳ್ಳಿ.
ಬರೆದಿಟ್ಟ ಜಾಗಕ್ಕೆ ಜನ ಬರುತ್ತಾರೆ,
ಜನರ ಹಿಂದೆ ಖಾಲಿ ಶೀಸೆ.

ಮೊದಲು ತುಕ್ಕು ಹಿಡಿದ ಫ್ರಿಜ್ಜು ಸಿಗುತ್ತದೆ.
ನಗಬೇಡಿ, ಅದು ಮೆಕ್‌ಕ್ಲಿಂಟಕ್ ಮನೆಯ ಅಂಚೆ ಪೆಟ್ಟಿಗೆ;
ಮನೆ ಅಲ್ಲಿಂದ ಇಪ್ಪತ್ತೆರಡು ಕಿಲೋಮೀಟರು.
ಅದರ ಎಡಕ್ಕೆ ತಿರುಗಿ. ಗೇಟು ಮುಚ್ಚಿದ್ದರೆ ತೆರೆದು ಮತ್ತೆ ಮುಚ್ಚಿ,
ತೆರೆದಿದ್ದರೆ ಹಾಗೇ ಬಿಡಿ.
ಈ ಸೀಮೆಯ ಶಾಸ್ತ್ರವೆಲ್ಲ ಇದೇ ಎರಡು ಸಾಲು.

ಒಳಗೊಂದು ಗಾಳಿಯಂತ್ರ, ರೆಕ್ಕೆ ಎರಡು ಉದುರಿದ್ದು;
ತೊಟ್ಟಿಯ ನೀರಿಗೆ ಕಬ್ಬಿಣದ ರುಚಿ.
ಸಂಜೆ ಗಲಾ ಹಕ್ಕಿಗಳು ಗುಲಾಬಿ ಎದೆ ಹೊತ್ತು ಬಂದು
ತೊಟ್ಟಿಯ ಅಂಚು ಸಾಲದೆ ಬೈದಾಡುತ್ತವೆ.
ಗಿಜೀ ಸೌದೆ ಉರಿಸಿ, ಬೆಳಗಿನವರೆಗೆ ಕೆಂಡ.
ಆ ಮರ ನಿಂತಲ್ಲೇ ಬೆಂದ ಕೋಸಿನಂತೆ ನಾರಿದರೆ
ಮಳೆ ಬರುತ್ತಿದೆ, ತಡಮಾಡದೆ ಹೊರಡಿ.
ಈ ಮಣ್ಣು ನೆನೆದರೆ ಮೊದಲು ಸಾಬೂನು, ಆಮೇಲೆ ಅಂಟು.
ಎಂಬತ್ತಾರರಲ್ಲಿ ಒಂಬತ್ತು ದಿನ ಅಲ್ಲೇ ಕೂತಿದ್ದೆ,
ಕೊನೆಯ ಮೂರು ದಿನ ಬರೀ ಡಬ್ಬಿಯ ಪೀಚ್ ಹಣ್ಣು.
ಇವತ್ತಿಗೂ ಪೀಚ್ ಮುಟ್ಟುವುದಿಲ್ಲ.

ಎರಡನೆಯದು ಮರಳಿನ ಹೊಳೆ. ಹೆಸರು ಮಾತ್ರ ಹೊಳೆ.
ದೊಡ್ಡ ಗಮ್ ಮರದ ನೆರಳು ಕರೆಯುತ್ತದೆ, ಹೋಗಬೇಡಿ:
ಗಾಳಿಯೇ ಇಲ್ಲದ ರಾತ್ರಿ
ಎತ್ತಿನ ಗಾತ್ರದ ಕೊಂಬೆ ಕಳಚಿ ಬೀಳುತ್ತದೆ.
ಮರಕ್ಕೆ ಯಾರ ಮೇಲೂ ಕೋಪವಿಲ್ಲ; ಭಾರ, ಅಷ್ಟೇ.
ಮೇಲಿನ ದಂಡೆಯಲ್ಲಿ, ಮಲ್ಗಾ ಗಿಡಗಳ ಸಂದಿಯಲ್ಲಿ
ನಾಲ್ಕು ಹಾಸಿಗೆಯಷ್ಟು ಸಪಾಟು ನೆಲವಿದೆ.
ಸಪಾಟು ಮಾಡಿದವಳು ನಾನೇ, ಸರ್ಕಾರಿ ಡೀಸೆಲ್ಲಿನಲ್ಲಿ.

ಮೂರನೆಯದು ಇತ್ತು.
ಬಂಡೆಯ ಮಡಿಲಲ್ಲಿ ಬೇಸಗೆಗೂ ಬತ್ತದ ಗುಂಡಿ.
ಒಂದು ಸಂಜೆ ತಗಡಿನ ಬಿಲ್ಲಿಯಲ್ಲಿ ನೀರಿಟ್ಟು ಬೆಂಕಿ ಊದುತ್ತಿದ್ದೆ,
ಡಲ್ಸಿ ಆಂಟಿ ಮೊಮ್ಮಗನ ಟೊಯೋಟಾದಲ್ಲಿ ಬಂದಳು.
ಆಕೆಯ ಅಜ್ಜಿಯ ಅಜ್ಜಿಯ ಕಾಲಕ್ಕೂ ಆ ನೆಲ ಅವರದು.
ಕೆಳಗಿಳಿಯಲಿಲ್ಲ. ಕಿಟಕಿ ಇಳಿಸಿ,
"ಇಲ್ಲಿ ಮಲಗುವುದಲ್ಲ, ಮಗಳೇ" ಎಂದಳು.
ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಕುದಿಯದ ನೀರನ್ನು ಬೆಂಕಿಗೆ ಸುರಿದು ಹೊರಟೆ.
ಮರುವಾರ ಆ ತಿರುವಿಗೆ ಅಡ್ಡ ಮಣ್ಣಿನ ದಿಣ್ಣೆ ಎಳೆದೆ.
ಈಗ ಅಲ್ಲಿ ಹುಲ್ಲು. ಹುಡುಕಿದರೂ ನಿಮಗೆ ಸಿಗುವುದಿಲ್ಲ.

ಕೊನೆಗೆ, ರಸ್ತೆಗೆ ಅಡ್ಡವಾಗಿ, ದನ ದಾಟದ ಕಂಬಿ.
ಅದೇ ನಮ್ಮ ಜಿಲ್ಲೆಯ ಗಡಿ.
ಮೂವತ್ತೊಂದು ವರ್ಷ ಅಲ್ಲಿ ಅಲಗು ಎತ್ತಿ ಹೊರಳಿ ಬಂದೆ.
ಆಚೆಯದು ಬೇರೆಯವರ ರಸ್ತೆ, ಬೇರೆ ಗ್ರೇಡರು.
ದೂರದಲ್ಲಿ ನೀಲಿ ಗುಡ್ಡಗಳು, ನಡುವೆ ಒಂದು ಕಣಿವೆ,
ಕೆಲವು ಸಂಜೆ ಅಲ್ಲಿಂದ ತೆಳ್ಳನೆ ಹೊಗೆ:
ಯಾರೋ ಚಹಾ ಕಾಯಿಸುತ್ತಿದ್ದರು.
ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಅದು.
ನಿವೃತ್ತಿಯಾದ ಮೇಲೆ ಹೋಗಬಹುದಿತ್ತು. ಮಂಡಿ, ಆಮೇಲೆ ಕಣ್ಣು,
ಆಮೇಲೆ, ನಿಜ ಹೇಳುವುದಾದರೆ, ಹೆದರಿಕೆ:
ಬರೀ ಕಲ್ಲಿದ್ದರೆ?

ನೀವು ಹೋಗುವುದಾದರೆ ಹೋಗಿ.
ವಾಪಸು ಬರುವಾಗ ಇಲ್ಲಿ ಒಂದು ಗಳಿಗೆ ನಿಲ್ಲಿ.
ನೀರಿತ್ತೋ ಇಲ್ಲವೋ ಹೇಳಬೇಡಿ.
ನಿಮ್ಮ ಟೈರಿಗೆ ಮೆತ್ತಿದ ಮಣ್ಣು ಯಾವ ಬಣ್ಣ,
ನೋಡುತ್ತೇನೆ, ಸಾಕು.

ಚಹಾ ಆರಿಹೋಯಿತು.
ಫ್ರಿಜ್ಜಿನ ಎಡಕ್ಕೆ. ಮರೆಯಬೇಡಿ.