ಐದನೆಯ ಪಿಯಾನೊ

ರೀಗಾದ ಈ ಸಂಗೀತ ಶಾಲೆಯಲ್ಲಿ ನಲವತ್ತೊಂದು ಪಿಯಾನೊ.
ಹೊಸ ವ್ಯವಸ್ಥಾಪಕ ನೋರ್ಮುಂಡ್ಸ್ ಕಾಗದದ ಮೇಲೆ ಗೆರೆ ಎಳೆದ:
ಒಂದಕ್ಕೆ ಎಂಬತ್ತು ನಿಮಿಷ, ದಿನಕ್ಕೆ ಆರು,
ಏಳು ದಿನಕ್ಕೆ ಪೂರಾ.
ಲೆಕ್ಕದಲ್ಲಿ ತಪ್ಪಿರಲಿಲ್ಲ, ನಾನೂ ಗುಣಿಸಿ ನೋಡಿದೆ.
ಕಿವಿಯೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ಸ್ವರಕ್ಕೆ ಮೂರು ತಂತಿ.
ಎರಡರ ಬಾಯಿಗೆ ಉಣ್ಣೆಯ ಬೆಣೆ ತುರುಕಿ
ಒಂದನ್ನು ಮಾತಾಡಿಸಬೇಕು.
ಆಮೇಲೆ ಎರಡನೆಯದರ ಬಾಯಿ ಬಿಚ್ಚಿದರೆ
ಎರಡೂ ಜಗಳಕ್ಕೆ ಬಿದ್ದು ನಡುವೆ ಅಲೆ ಏಳುತ್ತದೆ,
ವಂವ್, ವಂವ್, ವಂವ್.
ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ
ಅಲೆ ನಿಧಾನವಾಗುತ್ತದೆ, ಉದ್ದವಾಗುತ್ತದೆ,
ಮಲಗುತ್ತದೆ.
ಆ ಮಲಗುವುದನ್ನು ಕೇಳಿಸಿಕೊಳ್ಳುವುದೇ ನನ್ನ ಕಸುಬು.
ಮಿಕ್ಕಿದ್ದು ಮಣಿಕಟ್ಟಿನ ಕೂಲಿ.

ಮೊದಲ ದಿನ ಆರೂ ಮುಗಿಸಿದೆ.
ನೋರ್ಮುಂಡ್ಸ್ ಆರು ಗುರುತು ಹಾಕಿ ಶಹಬ್ಬಾಸ್ ಅಂದ.
ಟ್ರಾಮು ತಿರುವಿನಲ್ಲಿ ಕಿರುಚಿದ್ದು ಗೊತ್ತಾಗಲಿಲ್ಲ.
ಮನೆಯಲ್ಲಿ ಬಿರುತಾ ಏನೋ ಕೇಳಿದಳು,
ತುಟಿ ನೋಡಿ ಹೂಂ ಅಂದೆ.
ಬೀಟ್‌ರೂಟ್ ಸಾರಿಗೆ ಇನ್ನೊಂದು ಹಿಡಿ ಉಪ್ಪು ಬಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ,
ಅಂಗಳದ ಹಿಮ ಇನ್ನೂ ಯಾರ ಬೂಟಿಗೂ ಸಿಕ್ಕಿರದಾಗ,
ಹದಿನಾಲ್ಕನೆಯ ಕೋಣೆಗೆ ಹೋಗಿ
ನಿನ್ನೆಯ ಐದನೆಯದನ್ನು ಮುಟ್ಟಿದೆ.
ಹುಳಿ.
ಒಡೆದ ಹಾಲಿನ ಹುಳಿ.
ನಡುವಿನ ಮನೆಗಳಲ್ಲಿ ಅಲೆ ಎದ್ದು ಕೂತಿತ್ತು,
ನಿನ್ನೆ ಸಂಜೆ ನಾನೇ ಅದು ಮಲಗಿತೆಂದು
ಮುಚ್ಚಳ ಹಾಕಿ ಬಂದಿದ್ದೆ.
ಬೆನ್ನು ಸೋತರೆ ನೋಯುತ್ತದೆ, ಕಣ್ಣು ಸೋತರೆ ಉರಿಯುತ್ತದೆ.
ಸೋತ ಕಿವಿ ಮಾತ್ರ
ಎಲ್ಲ ಸರಿಯಾಗಿದೆ, ಮುಂದಕ್ಕೆ ಹೋಗು ಅನ್ನುತ್ತದೆ.
ಆರನೆಯದರ ಮುಚ್ಚಳ ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ಸಂಜೆ ಐದಕ್ಕೆ ನೋರ್ಮುಂಡ್ಸ್‌ನನ್ನು ಕರೆತಂದು ಒತ್ತಿ ತೋರಿಸಿದೆ.
ಚೆನ್ನಾಗಿಯೇ ಇದೆಯಲ್ಲ, ಅಂದ.
ದಿನವಿಡೀ ಫೋನು ಹಿಡಿದ ಕಿವಿ, ಪಾಪ.
ಬೆಳಿಗ್ಗೆ ಬನ್ನಿ, ಯಾರೊಡನೆಯೂ ಮಾತಾಡದೆ ಬನ್ನಿ.

ಬಂದ. ತಲೆಗೂದಲು ಇನ್ನೂ ಒದ್ದೆ.
ಅದೇ ಮನೆ ಒತ್ತಿದೆ.
ಮೂಗು ಸೊಟ್ಟ ಮಾಡಿದ,
ಕೈ ನೀಡಿ ತಾನೇ ಇನ್ನೊಂದು ಸಲ ಒತ್ತಿದ,
ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಕಿಟಕಿಗೆ ಹೇಳುವಂತೆ ಹೇಳಿದ,
‘ನಾನು ಸಂಬಳದ ಲೆಕ್ಕ ಬರೆಯುವುದು ಸಂಜೆ ಐದಕ್ಕೆ.’

ಈಗ ದಿನಕ್ಕೆ ಮೂರು. ಬೆಳಗಿನ ಕಿವಿಗೆ ಮೂರೇ.
ತಿಂಡಿಯ ಹೊತ್ತಿಗೆ ರೇಡಿಯೊ ಇಲ್ಲ,
ಟ್ರಾಮಿನ ಬದಲು ಸೇತುವೆಯ ಮೇಲೆ ನಡಿಗೆ.
ಮಧ್ಯಾಹ್ನ ಕಿವಿಯನ್ನು ಅಂಗಿಯ ಜೊತೆ ಗೂಟಕ್ಕೆ ತೂಗಿಹಾಕಿ
ಕೈಗಷ್ಟೇ ಬೇಕಾದ ಕೆಲಸ:
ಸುತ್ತಿಗೆಗಳಿಗೆ ಹೊಸ ಉಣ್ಣೆ, ಪೆಡಲಿಗೆ ಎಣ್ಣೆ,
ಮನೆಗಳ ಅಡಿಯಿಂದ ಹೆಕ್ಕಿದ ಹೇರ್‌ಪಿನ್ನು, ನಾಣ್ಯ,
ಒಣಗಿದ ಕಿತ್ತಳೆ ಸಿಪ್ಪೆ, ಯಾರದೋ ಹಾಲುಹಲ್ಲು.
ಹದಿನಾಲ್ಕು ದಿನ ಹಿಡಿಯಿತು.
ನೋರ್ಮುಂಡ್ಸ್ ತನ್ನ ಕಾಗದವನ್ನು
ಒಂದು ಅಲುಗಾಡುವ ಸ್ಟೂಲಿನ ಕಾಲಿಗೆ ಮಡಚಿ ಕೊಟ್ಟ.

ಸಂಜೆ ಮನೆಗೆ ಬಂದರೆ ಪಾತ್ರೆಯ ಕುದಿತ ಕೇಳುತ್ತದೆ,
ಮೇಲಿನ ಮಹಡಿಯ ನಾಯಿಯ ಉಗುರು ಕೇಳುತ್ತದೆ.
ಬಿರುತಾ ಮಾತ್ರ ಈಗ ಏನೂ ಕೇಳುವುದಿಲ್ಲ,
ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿ ಕೂರುತ್ತಾಳೆ.