ಚೂರೂವರೆ

ಕೌಲ್ ಬಜಾರಿನ ಗಲ್ಲಿಯೊಳಗೊಂದು ಗಲ್ಲಿ,
ತಗಡಿನ ಶೆಡ್ಡು, ಹದಿಮೂರು ಹೆಂಗಸರು.
ಮಷಿನ್ನುಗಳ ಗದ್ದಲದ ಮೇಲೆ ಕೂಗಿ ಕೇಳುತ್ತಿದ್ದೆ
ಪ್ರಶ್ನೆ ಏಳು: ಕೈನೋವು ಎಷ್ಟು?
ಇಲ್ಲ ಅಂದರೆ ಒಂದು, ಚೂರು ಎರಡು,
ಸುಮಾರು ಮೂರು, ಜೋರು ನಾಲ್ಕು,
ತಡಕೊಳ್ಳಲಾಗದ್ದಕ್ಕೆ ಐದು.

ಐದು ಜನ, ಬಾಗಿಲಲ್ಲಿ ನಿಂತ ಗಾದಿಲಿಂಗನ ಕಡೆ ನೋಡಿ,
ಇಲ್ಲ ಅಂದರು.

ವನ್ನೂರಮ್ಮ ಚೆಕಿಂಗ್ ಟೇಬಲ್ಲಿನವಳು.
ಉಗುರಿನ ಸಂದಿಗೆಲ್ಲ ನೀಲಿ. ಎದುರಿಗೆ ಜೀನ್ಸಿನ
ಮೂರು ಗುಡ್ಡೆ: ಫಸ್ಟು, ಸೆಕೆಂಡು, ರಿಜೆಕ್ಟು.
ಫಸ್ಟಿಗೂ ಸೆಕೆಂಡಿಗೂ ಏನು ಫರಕು ಅಂದೆ.
"ಇಲ್ಲಿ ನೋಡಮ್ಮ, ಒಂದು ಹೊಲಿಗೆ ಹಾರೈತೆ."
ಸೆಕೆಂಡಿಗೂ ರಿಜೆಕ್ಟಿಗೂ?
ಪ್ಯಾಂಟೊಂದನ್ನು ಝಾಡಿಸಿ ಎತ್ತಿ ಹಿಡಿದಳು,
ಒಂದು ಕಾಲು ಇನ್ನೊಂದಕ್ಕಿಂತ ಗೇಣು ಗಿಡ್ಡ.
"ಸಾಲು ಅಂದ್ರೆ ಯಾವುದು ಮುಂದೆ, ಯಾವುದು ಹಿಂದೆ. ಅಷ್ಟೇ.
ನಡುವಿನ ಜಾಗಕ್ಕೆ ಟೇಪು ಹಿಡಿಯೋರು ಯಾರು?"

ಕಾಲೇಜಿನಲ್ಲಿ ಇದನ್ನೇ ಬಾಯಿಪಾಠ ಮಾಡಿ
ಎಂಟು ಅಂಕ ಗಿಟ್ಟಿಸಿದ್ದೆ: ಕ್ರಮಸೂಚಕ ಮಾಪನ,
ಕ್ರಮ ಉಂಟು, ಅಂತರ ಗೊತ್ತಿಲ್ಲ.

"ಮೂರು ಬರಕೋ," ಅಂದಳು, "ನಿನ್ನೆ ನಾಕಿತ್ತು."
ಒಂದು ಇಳಿಯಿತಲ್ಲ ಅಂದೆ, ಜಾಣೆ ನಾನು.
"ಒಂದಲ್ಲಮ್ಮ. ನಿನ್ನೆ ಬಿಂದಿಗೆ ಎತ್ತಾಕಾಗಿಲ್ಲ.
ಇವತ್ತು ಎತ್ತೀನಿ. ಅಷ್ಟು ಇಳಿದೈತೆ."

ಮಕ್ಕಳ ಕಾಲಮ್ಮು ಖಾಲಿ ಉಳಿದಿತ್ತು.
ಮೊದಲನೇದಕ್ಕೂ ಎರಡನೇದಕ್ಕೂ ವರ್ಷದ ಅಂತರ.
ಮೂರನೇದು? ಕತ್ತರಿ ನಿಂತಿತು.
"ಒಂಬತ್ತು ವರ್ಷ ಬಿಟ್ಟು."
ಒಂದು, ಎರಡು, ಮೂರು ಅಂತ ಬರೆದೆ,
ಒಂದರ ಪಕ್ಕ ಒಂದು, ಒತ್ತೊತ್ತಾಗಿ.
ಆ ಒಂಬತ್ತು ವರ್ಷಕ್ಕೆ ಫಾರ್ಮಿನಲ್ಲಿ ಗೆರೆಯಿರಲಿಲ್ಲ.
ಕತ್ತರಿ ಮತ್ತೆ ದಾರ ಕತ್ತರಿಸತೊಡಗಿತು.

ರಾತ್ರಿ ಲ್ಯಾಪ್‌ಟಾಪು ತನ್ನಷ್ಟಕ್ಕೆ ಕೂಡಿಸಿ ಭಾಗಿಸಿ
ಸರಾಸರಿ ನೋವು ಎರಡು ಬಿಂದು ಆರು ಎಂದಿತು.
ಎರಡಕ್ಕೆ ಚೂರು, ಮೂರಕ್ಕೆ ಸುಮಾರು;
ಹಾಗಾದರೆ ಇದೇನು, ಚೂರೂವರೆಯೇ?
ಯಾವ ಮಣಿಕಟ್ಟು ಹೀಗೆ ನೋಯುತ್ತದೆ?

ಅಳಿಸಿದೆ. ಹದಿಮೂರು ಜನರನ್ನು
ಇಲ್ಲದಿಂದ ಜೋರಿನವರೆಗೆ ಸಾಲಾಗಿ ನಿಲ್ಲಿಸಿದೆ, ಕಾಗದದ ಮೇಲೆ.
ಎರಡೂ ಕಡೆಯಿಂದ ಎಣಿಸಿದೆ. ಏಳನೆಯವಳು ವನ್ನೂರಮ್ಮ.
ಸುಮಾರು, ಎಂದು ಬರೆದು ಕಳಿಸಿದೆ.

ಬೆಳಿಗ್ಗೆ ಆಫೀಸಿನಿಂದ ಫೋನು:
ಬಿಂದುವಿನ ಮುಂದೆ ಏನೂ ಇಲ್ಲವಲ್ಲ ಮೇಡಂ?
ಬಿಂದಿಗೆ ಇದೆ ಸರ್, ಅಂದೆ.